ಇಂಜಿನ್ ಇಳಿಸಿದ ಪದ್ಮಿನಿಯನ್ನು ಟ್ರೈಲರ್ ಮೇಲೆ ಕಟ್ಟುವುದು ಹೇಗೆ?

ಹಳೆಗಾಡಿ
ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಒಯ್ಯಬೇಕು. ಎರಡು ಆಕ್ಸಲ್ ಟ್ರೈಲರ್, ಖಾಲಿ ತೂಕ 600 ಕೆ.ಜಿ. ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಇಳಿಸಿದೆ, ಅವನ್ನು ಡಿಕ್ಕಿಯಲ್ಲೇ ಇಡೋಣ ಅಂತಿದೆ. ‘5 ಟನ್’ ಅಂತ ಬರೆದ ನಾಲ್ಕು ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಇವೆ, ಜೊತೆಗೆ ನೈಲಾನ್ ಹಗ್ಗ. ಬಂಪರ್‌ಗೆ ಕಟ್ಟಬಾರದು ಅಂತ ಗೊತ್ತು. ಮತ್ತೆಲ್ಲಿಗೆ ಕಟ್ಟೋದು? ಎಷ್ಟು ಬಿಗಿ ಮಾಡೋದು?

ಬೋಲ್ಟ್‌ನಟ್
ಮೊದಲು ಬೆಲ್ಟಿಗೆ ಹೊಲಿದ ಚೀಟಿ ಓದಿ. 50 ಎಂ.ಎಂ. ಬೆಲ್ಟಿನಲ್ಲಿ 5 ಟನ್ ಅಂದರೆ ಸಾಮಾನ್ಯವಾಗಿ ಹರಿಯುವ ಮಿತಿ, ಇಲ್ಲವೇ ಸುತ್ತು ಹಾಕಿ ಕಟ್ಟಿದಾಗಿನ ಲೆಕ್ಕ. ನೇರವಾಗಿ ಎಳೆದು ಕಟ್ಟಿದರೆ ನಂಬಬಹುದಾದ್ದು ಅದರ ಅರ್ಧ, ಅಗ್ಗದ ಮಾಲಾದರೆ ಮೂರನೇ ಒಂದು. ಚೀಟಿ ನೀಲಿಯಾಗಿದ್ದರೆ ಪಾಲಿಯೆಸ್ಟರ್, ಅದೇ ಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ಅದನ್ನು ಮನೆಯಲ್ಲೇ ಬಿಡಿ.

ಹಾಗಂತ ಶಕ್ತಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಕಾರು ತನ್ನ ತೂಕದ 0.8 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಅಂತ ಹಿಡಿಯುವುದು ರೂಢಿ, ಪಕ್ಕಕ್ಕೆ 0.5. ಇಂಜಿನ್ ಇಲ್ಲದ ಪದ್ಮಿನಿ 800 ಕೆ.ಜಿ. ಅಂದುಕೊಳ್ಳಿ: 640 ಕೆ.ಜಿ. ಎಳೆತ. ಅದನ್ನು ತಡೆಯುವುದು ಹಿಂದಕ್ಕೆ ಎಳೆದು ಕಟ್ಟಿದ ಎರಡು ಬೆಲ್ಟ್ ಮಾತ್ರ. 45 ಡಿಗ್ರಿ ಓರೆಯಲ್ಲಿದ್ದರೆ ಬೆಲ್ಟಿನ ಎಳೆತದಲ್ಲಿ ಕಾರನ್ನು ತಡೆಯಲು ಒದಗುವುದು ಶೇ. 70, 60 ಡಿಗ್ರಿ ನೆಟ್ಟಗಾದರೆ ಅರ್ಧವೇ. ಆದಷ್ಟು ಮಲಗಿಸಿ ಕಟ್ಟಿ. ಬೆಲ್ಟ್ ಹರಿಯುವುದು ಅಪರೂಪ. ಸಡಿಲವಾಗಿ ಹುಕ್ ಕಳಚಿಕೊಳ್ಳುವುದೇ ಹೆಚ್ಚು.

ಅದಕ್ಕೇ ಕಾರಿನ ಬಾಡಿಯನ್ನು ಹಿಡಿದು ಕಟ್ಟಬಾರದು. ಗುಂಡಿ ಸಿಕ್ಕಾಗ ಸ್ಪ್ರಿಂಗ್ ಒತ್ತಿಕೊಂಡು ಬಾಡಿ ಕೆಳಗಿಳಿಯುತ್ತದೆ, ಆ ಕ್ಷಣ ಬೆಲ್ಟ್ ಜೋಲುತ್ತದೆ, ತೆರೆದ ಹುಕ್ ಜಾರುತ್ತದೆ. ನಿಮ್ಮದರಲ್ಲಿ ಇಂಜಿನ್ ಭಾರವಿಲ್ಲದೆ ಮುಂಭಾಗ ಮೇಲೆದ್ದಿರುತ್ತದೆ, ಕುಣಿತ ಇನ್ನೂ ಜಾಸ್ತಿ. ನಾಲ್ಕೂ ಚಕ್ರಗಳನ್ನೇ ಹಿಡಿಯಿರಿ. ಟೈರ್ ಮೇಲೆ ಹಾದು ಮುಂದೆ ಹಿಂದೆ ಎರಡೂ ಕಡೆ ಟ್ರೈಲರ್‌ಗೆ ಬಿಗಿಯುವ ವೀಲ್ ಬೆಲ್ಟ್ ಸಿಗುತ್ತದೆ. ಆಗ ಬಾಡಿ ಎಷ್ಟು ಕುಣಿದರೂ ಬೆಲ್ಟಿಗೆ ಗೊತ್ತಾಗುವುದಿಲ್ಲ. ಕಟ್ಟುವ ಮುಂಚೆ ಟೈರ್‌ಗೆ ಸರಿಯಾಗಿ ಗಾಳಿ ತುಂಬಿಸಿ, ನಿಧಾನವಾಗಿ ಗಾಳಿ ಬಿಡುವ ಟೈರ್ ಬೆಲ್ಟನ್ನೂ ಸಡಿಲ ಮಾಡುತ್ತದೆ.

ಗ್ರೀಸ್‌ಗನ್
ಮೇಲಿನವರು ಹೇಳಿದ್ದು ಸರಿ, ಆದರೆ ನನಗೆ ಭಯ ಆ ಡಿಕ್ಕಿಯದ್ದು. ಮುಂದಿದ್ದ ತೂಕವನ್ನು ತೆಗೆದು ಹಿಂದೆ ಹೇರುತ್ತಿದ್ದೀರಿ. ಹಿಂಭಾರವಾದ ಟ್ರೈಲರ್ ವೇಗ ಏರಿದಂತೆ ಬಾಲ ಆಡಿಸುತ್ತದೆ, ಎಳೆಯುವ ಗಾಡಿಯನ್ನೂ ತಿರುಗಿಸಿಬಿಡುತ್ತದೆ. ಇಂಜಿನ್ನನ್ನು ಟ್ರೈಲರ್ ಮೂತಿಯ ಹತ್ತಿರ ಮರದ ಚೌಕಟ್ಟಿನ ಮೇಲೆ ಕೂರಿಸಿ, ಅದಕ್ಕೇ ಬೇರೆ ಎರಡು ಬೆಲ್ಟ್ ಹಾಕಿ.

ಒಟ್ಟು 1,500 ಕೆ.ಜಿ. ಆದರೆ ಹಿಚ್ (ಎಳೆಯುವ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಸುಮಾರು 150 ಬೀಳಬೇಕು. ನಿಮ್ಮ ಹಿಚ್ ಅಷ್ಟು ತಡೆಯುತ್ತದೆಯೇ ನೋಡಿ. ಅಳೆಯಲು ಮನೆಯ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲಿಟ್ಟ ಪೈಪಿಗೂ ಇನ್ನೊಂದು ತುದಿಯನ್ನು ಅಲ್ಲಿಂದ 3 ಅಡಿ ದೂರದ ಯಂತ್ರಕ್ಕೂ ಆನಿಸಿ, ಟ್ರೈಲರ್ ಮೂತಿಯನ್ನು ಪೈಪಿನಿಂದ 1 ಅಡಿಗೆ ಇಳಿಸಿ. ಮುಳ್ಳು ತೋರಿಸಿದ್ದರ ಮೂರು ಪಟ್ಟು ಅಸಲು ತೂಕ. 50ರ ಆಸುಪಾಸು ಬರುವವರೆಗೆ ಕಾರನ್ನು ನಾಲ್ಕು ನಾಲ್ಕು ಇಂಚು ಸರಿಸಿ. ಅಳೆಯುವಾಗ ಟ್ರೈಲರ್ ಸಮತಟ್ಟಾಗಿರಲಿ, ಚಕ್ರಗಳಿಗೆ ಅಡೆ ಇರಲಿ.

ಗೇರ್‌ಬಾಕ್ಸ್ ಇಲ್ಲವಲ್ಲ, ‘ಗೇರಿನಲ್ಲಿ ನಿಲ್ಲಿಸಿ’ ಅನ್ನುವ ಮಾತೇ ಇಲ್ಲ. ಹತ್ತಿಸುವಾಗ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರಲಿ. ನಾಲ್ಕು ಜನ ತಳ್ಳಿ ಏರಿಸುತ್ತೇವೆ ಅನ್ನುವುದು ಬೇಡ, ಜಾರಿದರೆ ಹಿಂದಿದ್ದವರ ಗತಿ?

ಹಳೆಗಾಡಿ
ಇಂಜಿನ್ ಮುಂದಕ್ಕೆ ಬಂತು, ಥ್ಯಾಂಕ್ಸ್. ಆದರೆ ಮುಂದಿನ ಚಕ್ರಗಳಿಗೆ ಮಾತ್ರ ವೀಲ್ ಬೆಲ್ಟ್ ಸಿಕ್ಕಿತು. ಹಿಂದೆ ಲೀಫ್ ಸ್ಪ್ರಿಂಗಿನ ಪಟ್ಟಿಗೆ ಹುಕ್ ಹಾಕಬಹುದಾ?

ಬೋಲ್ಟ್‌ನಟ್
ಬೇಡ, ಪಟ್ಟಿಯ ಉದ್ದಕ್ಕೂ ಜಾರುತ್ತದೆ. ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕೊಳವೆಗೇ ಸುತ್ತು ಹಾಕಿ, ಆದಷ್ಟು ಚಕ್ರದ ಹತ್ತಿರ. ಆದರೆ ಮೊದಲು ಕೆಳಗೆ ಮಲಗಿ ನೋಡಿ: ಆಕ್ಸಲ್ಲಿಗೆ ಅಂಟಿಕೊಂಡೇ ಸಣ್ಣ ಬ್ರೇಕ್ ಪೈಪ್ ಹೋಗಿರುತ್ತದೆ, ಬೆಲ್ಟ್ ಅದರ ಮೇಲೆ ಬಂದರೆ ಚಪ್ಪಟೆ. ಚೂಪಾದ ಅಂಚು ಇದ್ದಲ್ಲಿ ಹಳೇ ಟ್ಯೂಬಿನ ತುಂಡು ಸುತ್ತಿ. ಎರಡೂ ಬೆಲ್ಟನ್ನು ಹಿಂದಕ್ಕೆ, ಗುಣಿಸು ಗುರುತಿನಂತೆ ಅಡ್ಡ ಹಾಯಿಸಿ ಕಟ್ಟಿದರೆ ಪಕ್ಕದ ಜಾರಾಟವೂ ನಿಲ್ಲುತ್ತದೆ. ಹಾಯುವಲ್ಲಿ ಒಂದಕ್ಕೊಂದು ಉಜ್ಜದಿರಲಿ.

ರಾಚೆಟ್ ಉರುಳೆಗೆ ಎರಡು-ಮೂರು ಸುತ್ತು ಕೂರಬೇಕು. ಕಡಿಮೆಯಾದರೆ ಜಾರುತ್ತದೆ, ಜಾಸ್ತಿಯಾದರೆ ಸಿಕ್ಕಿಕೊಂಡು ಬಿಚ್ಚುವಾಗ ಸುತ್ತಿಗೆ ಬೇಕಾಗುತ್ತದೆ. ಕೈಬಲ ಸಾಕು, ಹಿಡಿಗೆ ಪೈಪ್ ತೂರಿಸಬೇಡಿ. ಉಳಿದ ಬಾಲವನ್ನು ಗಂಟು ಹಾಕಿಬಿಡಿ.

ಘಾಟಿ ಡ್ರೈವರ್
ಬೆಲ್ಟ್ ಮೊದಲ 20–30 ಕಿ.ಮೀ.ನಲ್ಲೇ ಸಡಿಲವಾಗುವುದು. ನೆಲಮಂಗಲ ದಾಟಿ ನಿಲ್ಲಿಸಿ, ನಾಲ್ಕನ್ನೂ ಕೈಯಲ್ಲಿ ಜಗ್ಗಿ ನೋಡಿ. ಆಮೇಲೆ ಹಾಸನ. ಸಕಲೇಶಪುರದಲ್ಲಿ ಕಡ್ಡಾಯ, ಏಕೆಂದರೆ ಅಲ್ಲಿಂದ ಗುಂಡ್ಯದವರೆಗೆ ಇಳಿಜಾರಿನಲ್ಲಿ ಕಾರಿನ ಭಾರ ಆ ಹಿಂದಿನ ಎರಡು ಬೆಲ್ಟಿನ ಮೇಲೆ ವಾಲಿರುತ್ತದೆ. ಇಳಿಯುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿದರೆ ಕಾದು ಹಿಡಿಯದಂತಾಗುತ್ತದೆ. ಎಲ್ಲಾದರೂ ಟ್ರೈಲರ್ ಬಾಲ ಆಡಿಸಿತೋ, ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಬ್ರೇಕನ್ನು ಒಮ್ಮೆಗೇ ತುಳಿಯಬೇಡಿ. ಬಾನೆಟ್ಟಿಗೆ ಒಂದು ಬೆಲ್ಟ್ ಸುತ್ತಿ, ಕಾರಿನ ಕಿಟಕಿ ಏರಿಸಿ. ಟ್ರೈಲರಿನ ಇಂಡಿಕೇಟರ್, ಬ್ರೇಕ್ ಲೈಟ್ ಎರಡನ್ನೂ ಹೊರಡುವ ಮುಂಚೆ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಸಿ.