ಡ್ರೈವರ್ ಬೂಟ್ ಇಮೇಜಿನಲ್ಲಿದೆ, ಆದರೂ ರೇಡ್ ಡಿಸ್ಕ್ ಕಾಣುತ್ತಿಲ್ಲ

ಅಡಿಕೆತೋಟ, ಸಾಗರ:
ನಮ್ಮೂರಿನ ಸಹಕಾರ ಸಂಘದ ಅಡಿಕೆ ವಹಿವಾಟಿನ ಲೆಕ್ಕವೆಲ್ಲ ಇರುವ ಹಳೆಯ ಸರ್ವರಿನಲ್ಲಿ ಎಸ್‌ಎಎಸ್ 1078 ಚಿಪ್‌ನ ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡ್) ಇದೆ. ಅದರಲ್ಲಿದ್ದ ಸೆಂಟ್‌ಒಎಸ್ 7 ಎಂಬ ಲಿನಕ್ಸಿನ ಬೆಂಬಲ 2024ರ ಜೂನ್ 30ಕ್ಕೆ ಮುಗಿದದ್ದರಿಂದ ರಾಕಿ ಲಿನಕ್ಸ್ 8 ಹಾಕಲು ಹೊರಟೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣಲಿಲ್ಲ. ಹಾಗಾಗಿ ಬೇರೊಂದು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ರಾಕಿಯನ್ನು ಸೆಂಟ್‌ಒಎಸ್ 7ರ ಲೈವ್ ಡಿಸ್ಕ್ ಮೂಲಕ ಇಲ್ಲಿಗೆ ನಕಲಿಸಿ, ಸಿಎಚ್‌ರೂಟ್ (ನಕಲಿಸಿದ ರಾಕಿಯೊಳಗೇ ಕೆಲಸ ಮಾಡುವ ವಿಧಾನ) ಒಳಗೆ ಡ್ರಾಕಟ್ ಎಂಬ ಸಾಧನ ನಡೆಸಿ ಬೂಟ್ ಇಮೇಜ್ (ಆರಂಭದಲ್ಲಿ ಬೇಕಾದ ಡ್ರೈವರುಗಳಿರುವ ಫೈಲ್) ಕಟ್ಟಿದೆ. ಈಗ ಬೂಟ್ ಆಗುವಾಗ ರೂಟ್ ಡಿಸ್ಕಿಗಾಗಿ ಕಾದು ಕಾದು ಎಮರ್ಜೆನ್ಸಿ ಶೆಲ್‌ಗೆ (ದುರಸ್ತಿಯ ಕಮಾಂಡ್ ಪರದೆಗೆ) ಬಂದು ನಿಲ್ಲುತ್ತದೆ. ಲೆಕ್ಕದ ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಭದ್ರವಾಗಿದೆ.

ತುಂಗಾತೀರ, ತೀರ್ಥಹಳ್ಳಿ:
ಸಿಎಚ್‌ರೂಟ್ ಒಳಗೆ ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿಯನ್ನು ಹೇಳದೆ ಡ್ರಾಕಟ್ ನಡೆಸಿದರೆ, ಅದು ಆಗ ಓಡುತ್ತಿರುವ ಲೈವ್ ಡಿಸ್ಕಿನ ಕರ್ನಲ್ಲನ್ನೇ ಹಿಡಿದುಕೊಳ್ಳುತ್ತದೆ. ಆವೃತ್ತಿಯನ್ನು ಸ್ಪಷ್ಟವಾಗಿ ಕೊಟ್ಟು, ಹೋಸ್ಟ್‌ಓನ್ಲಿ (ಈ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ಸೇರಿಸುವ ಆಯ್ಕೆ) ತೆಗೆದು, ಈ ಕಾರ್ಡಿನ ಮೆಗಾರೇಡ್ ಎಸ್‌ಎಎಸ್ ಡ್ರೈವರನ್ನು ಹೆಸರಿಸಿ ಸೇರಿಸಿ. ಡ್ರೈವರ್ ಇಮೇಜಿಗೆ ಸೇರಿಲ್ಲವೆಂಬುದೇ ನನ್ನ ಅನುಮಾನ.

ಅಡಿಕೆತೋಟ, ಸಾಗರ:
ಆವೃತ್ತಿಯ ತಪ್ಪು ನಿಜಕ್ಕೂ ಆಗಿತ್ತು, ತಿದ್ದಿದೆ. ಇಮೇಜಿನ ಪಟ್ಟಿ ತೋರಿಸುವ ಎಲ್‌ಎಸ್‌ಇನಿಟ್‌ಆರ್‌ಡಿ ನೋಡಿದರೆ ಡ್ರೈವರ್ ಫೈಲ್ ಇಮೇಜಿನೊಳಗೇ ಇದೆ. ಆದರೂ ಅದೇ ಶೆಲ್.

ಕೊಡಚಾದ್ರಿ, ಹೊಸನಗರ:
ಫೈಲ್ ಇದ್ದ ಮಾತ್ರಕ್ಕೆ ಅದು ನಿಮ್ಮ ಕಾರ್ಡನ್ನು ಗುರುತಿಸುತ್ತದೆಂದು ಅರ್ಥವಲ್ಲ. ಯಂತ್ರದಲ್ಲಿರುವ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐಯಲ್ಲಿ ನಿಮ್ಮ ಕಾರ್ಡಿನ ಗುರುತು 1000:0060 ಎಂದು ಬರುತ್ತದೆ. ರೆಡ್ ಹ್ಯಾಟ್ 8ರಲ್ಲಿ ಡ್ರೈವರನ್ನು ಉಳಿಸಿಕೊಂಡು, ಅದರೊಳಗಿನ ಪಟ್ಟಿಯಿಂದ ಈ ಗುರುತೂ ಸೇರಿದಂತೆ ಹಲವು ಹಳೆಯ ಕಾರ್ಡುಗಳ ಗುರುತುಗಳನ್ನು ತೆಗೆದುಹಾಕಲಾಗಿದೆ. ರೆಡ್ ಹ್ಯಾಟ್ ಮೂಲದಿಂದಲೇ ಕಟ್ಟಿದ ರಾಕಿಯದೂ ಅದೇ ಕರ್ನಲ್. ಡ್ರೈವರಿನ ವಿವರ ಕೊಡುವ ಮಾಡ್‌ಇನ್ಫೋ ತೋರಿಸುವ ಏಲಿಯಾಸ್ ಸಾಲುಗಳಲ್ಲಿ (ಡ್ರೈವರ್ ಗುರುತಿಸುವ ಕಾರ್ಡುಗಳ ಪಟ್ಟಿ) "00001000" ಆದ ಮೇಲೆ "00000060" ಇದೆಯೇ ನೋಡಿ. ಅದಿಲ್ಲದಿದ್ದರೆ ನೂರು ಸಲ ಇಮೇಜ್ ಕಟ್ಟಿದರೂ ಕಾರ್ಡ್ ಏಳುವುದಿಲ್ಲ. ಹೆಚ್ಚುವರಿ ಡ್ರೈವರ್ ಕೊಡುವ ಹೊರಗಿನ ತಂಡ ಎಲ್‌ರೆಪೊದವರು ಈ ಗುರುತುಗಳನ್ನು ಮರಳಿ ಸೇರಿಸಿದ ಕೆಮಾಡ್ (ಕರ್ನಲ್ ಡ್ರೈವರ್) ಪ್ಯಾಕೇಜ್ ಕೊಡುತ್ತಾರೆ. ಅದನ್ನು ಸಿಎಚ್‌ರೂಟ್ ಒಳಗೆ ಹಾಕಿ, ಆಮೇಲೆ ಇಮೇಜ್ ಕಟ್ಟಿ.

ಶರಾವತಿ, ಶಿವಮೊಗ್ಗ:
ಈ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಹೊರಗಿನ ಮಾಡ್ಯೂಲನ್ನು ನಂಬಿ ಕೂತರೆ 8.9ರಿಂದ 8.10ಕ್ಕೆ ಹೋದಂತಹ ಪ್ರತಿ ಅಪ್‌ಡೇಟಿನಲ್ಲೂ ಹೊಸ ಕರ್ನಲ್ಲಿಗೆ ಅದು ಹೊಂದುತ್ತದೋ ಇಲ್ಲವೋ ಎಂಬ ಆತಂಕ ತಪ್ಪದು. ಕಾರ್ಡಿನ ರೇಡನ್ನು ಬಿಟ್ಟು ಲಿನಕ್ಸಿನದೇ ತಂತ್ರಾಂಶ ರೇಡ್ ಆದ ಎಂಡಿಎಡಿಎಂಗೆ ಬನ್ನಿ.

ಕೊಡಚಾದ್ರಿ, ಹೊಸನಗರ:
ಆತಂಕ ಸರಿ, ಪರಿಹಾರ ಸರಿಯಲ್ಲ. ಈ ಕಾರ್ಡ್ ಡಿಸ್ಕುಗಳನ್ನು ನೇರವಾಗಿ ಬಿಟ್ಟುಕೊಡುವುದಿಲ್ಲ, ಒಂದೊಂದನ್ನೂ ಒಂಟಿ ಡಿಸ್ಕಿನ ರೇಡ್ 0 ಗುಂಪಾಗಿ ಮಾಡಬೇಕಾಗುತ್ತದೆ. ಆಗಲೂ ನಡುವೆ ಇದೇ ಕಾರ್ಡ್, ಬೇಕಾದದ್ದು ಇದೇ ಡ್ರೈವರ್. ಹೊರಗಿನ ಮಾಡ್ಯೂಲ್ ಬೇಡವೆಂದರೆ, ರಾಕಿಯಂಥದೇ ಇನ್ನೊಂದು ಲಿನಕ್ಸಾದ 2024ರ ಆಲ್ಮಾಲಿನಕ್ಸ್ 9.4ರಲ್ಲಿ ಇಂಥ ಹಳೆಯ ಕಾರ್ಡುಗಳ ಬೆಂಬಲವನ್ನು ಕರ್ನಲ್ಲಿಗೇ ಮರಳಿ ತಂದಿದ್ದಾರೆ. ನನ್ನ ಮಟ್ಟಿಗೆ ಮುಂದಿನ ದಿನಗಳಿಗೆ ಸರಿಯಾದ ದಾರಿ ಅದೇ.

ಇನ್ನೊಂದು ಮಾತು: ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಎಷ್ಟು ಸಲವೆಂದು ನಿಮಗೂ ಗೊತ್ತು. ಕಾರ್ಡಿನ ಬ್ಯಾಟರಿ ಸತ್ತಿದ್ದರೆ ರೈಟ್‌ಬ್ಯಾಕನ್ನು (ಮೊದಲು ಕಾರ್ಡಿನ ಕ್ಯಾಶಿನಲ್ಲಿಟ್ಟು ಆಮೇಲೆ ಡಿಸ್ಕಿಗೆ ಬರೆಯುವ ವಿಧಾನವನ್ನು) ಬಲವಂತವಾಗಿ ಇಡಬೇಡಿ. ಕ್ಯಾಶಿನಲ್ಲಿದ್ದು ಡಿಸ್ಕಿಗಿಳಿಯದ ಲೆಕ್ಕ ಕರೆಂಟಿನೊಂದಿಗೇ ಹೋಗುತ್ತದೆ.

ಶರಾವತಿ, ಶಿವಮೊಗ್ಗ:
ಡಿಸ್ಕುಗಳನ್ನು ನೇರವಾಗಿ ಬಿಡದ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ, ಎಂಡಿಎಡಿಎಂ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಕೆಮಾಡ್ ಹಾಕಿದರೂ, ಮುಂದಿನ ಅಪ್‌ಡೇಟುಗಳಲ್ಲಿ ಬೂಟ್ ಆಗುತ್ತಿರುವ ಹಳೆಯ ಕರ್ನಲ್ಲನ್ನು ಅಳಿಸದೆ ಉಳಿಸಿಕೊಳ್ಳಿ.

ಅಡಿಕೆತೋಟ, ಸಾಗರ:
ಮಾಡ್‌ಇನ್ಫೋದಲ್ಲಿ ಆ ಸಾಲು ಇರಲಿಲ್ಲ. ಕೆಮಾಡ್ ಹಾಕಿದ ಮೇಲೆ ಬಂತು. ಹೊಸ ಇಮೇಜಿನಿಂದ ಸರ್ವರ್ ಎದ್ದಿದೆ, ಲೆಕ್ಕದ ತಂತ್ರಾಂಶ ತೆರೆದುಕೊಂಡಿದೆ. ಬ್ಯಾಟರಿ ಕೆಟ್ಟಿದೆಯೆಂದು ಕಾರ್ಡ್ ತೋರಿಸಿದ್ದರಿಂದ ರೈಟ್‌ಥ್ರೂಗೆ (ನೇರವಾಗಿ ಡಿಸ್ಕಿಗೇ ಬರೆಯುವ ವಿಧಾನಕ್ಕೆ) ಬದಲಿಸಿದ್ದೇನೆ. ಕೊಯ್ಲು ಮುಗಿದ ಮೇಲೆ ಆಲ್ಮಾ 9ಕ್ಕೆ ಹೋಗುತ್ತೇನೆ.