ತೆಗೆದ ಕಾಲಿನ ಬೆರಳು ತುರಿಸುತ್ತದೆ ಅಂತಾರೆ ಮಾವ, ಏನಿದು?

ಹಡಪ್ಸರ್ ಸೊಸೆ:
ನಮ್ಮ ಮಾವನವರಿಗೆ ತುಂಬಾ ವರ್ಷದಿಂದ ಶುಗರ್. ಪಾದಕ್ಕೆ ಗ್ಯಾಂಗ್ರೀನ್ ಆಗಿ, ಹೋದ ದೀಪಾವಳಿಗೆ ಮುಂಚೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಗಾಯ ಮಾಗಿದೆ. ಆದರೆ ರಾತ್ರಿ ಎದ್ದು ಕೂತು "ಹೆಬ್ಬೆರಳು ತುರಿಸ್ತಿದೆ, ಸ್ವಲ್ಪ ಕೆರಿ" ಅನ್ನುತ್ತಿದ್ದರು. ಅತ್ತೆ ಪಾಪ, ಖಾಲಿ ಹಾಸಿಗೆಯನ್ನೇ ಕೆರೆಯುತ್ತಿದ್ದರು. ಕೆಲವು ಸಲ ಬೆರಳುಗಳನ್ನು ಯಾರೋ ತಿರುಚಿದ ಹಾಗೆ ನೋವು. ಆಪರೇಷನ್ ಮಾಡಿದ ಡಾಕ್ಟರು "ಅದೆಲ್ಲ ಮನಸ್ಸಿನದು, ಹೋಗುತ್ತೆ" ಅಂದು ಕಳಿಸಿದರು. ಧಾರವಾಡದಿಂದ ಬಂದಿದ್ದ ಅತ್ತೆಯ ಅಕ್ಕ "ಕಾಲಿಗೆ ಸರಿಯಾಗಿ ಸಂಸ್ಕಾರ ಆಗಿಲ್ಲ, ಅದಕ್ಕೇ ಕಾಡುತ್ತೆ" ಅಂದುಬಿಟ್ಟರು. ಅವತ್ತಿನಿಂದ ಮಾವ ನೋವಿದ್ದರೂ ಬಾಯಿ ಬಿಡುತ್ತಿಲ್ಲ. ಕಾಲಿಲ್ಲ ಅಂತ ಅವರಿಗೆ ನೆನಪಿಸಬೇಕಾ, ಸುಮ್ನೆ ಹೂಂ ಅನ್ನಬೇಕಾ?

ಭೋಸರಿ ಫಿಟ್ಟರ್:
ತಂಗಿ, ಮೊದಲು ನಿಮ್ಮ ದೊಡ್ಡತ್ತೆಯ ಮಾತು ಬಿಡಿ. ನನ್ನ ಬಲಗೈ ಪವರ್ ಪ್ರೆಸ್‌ಗೆ ಸಿಕ್ಕಿ ಮೊಣಕೈ ಕೆಳಗೆ ಹೋಯಿತು. ಕಂಪನಿ ಹೆಸರು ಬೇಡ, ಪರಿಹಾರದ ಕೇಸ್ ಇನ್ನೂ ನಡೆಯುತ್ತಿದೆ. ಕೈ ಹೋದರೂ ಮುಷ್ಟಿ ಹೋಗಲಿಲ್ಲ. ಜಾಬ್, ಅಂದರೆ ಪ್ರೆಸ್‌ಗೆ ಇಡೋ ಲೋಹದ ತುಂಡು, ಹಿಡಿದಿದ್ದ ಹಾಗೇ ಬಿಗಿಯಾಗಿ ಮುಚ್ಚಿಕೊಂಡಿತ್ತು. ಉಗುರು ಅಂಗೈಗೆ ಚುಚ್ಚುತ್ತಿತ್ತು. ಬಿಡಿಸೋಣ ಅಂದರೆ ಕೈಯೇ ಇಲ್ಲ!

ಕಾಲು ಹೋಗಿದೆ ಅಂತ ಮಾವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನೆನಪಿಸಬೇಡಿ. ಎಲ್ಲಿ ತುರಿಸುತ್ತೆ, ಹೇಗೆ ನೋಯುತ್ತೆ ಅಂತ ಕೇಳಿ. ಕೈಕಾಲು ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಇದು ಇರುತ್ತದೆ. ಫ್ಯಾಂಟಮ್ ಲಿಂಬ್, ಅಂದರೆ ಇಲ್ಲದಿದ್ದರೂ ಇದೆ ಅನಿಸುವ ಅಂಗ, ಅಂತ 1871ರಲ್ಲಿ ಹೆಸರಿಟ್ಟವರು ಸೈಲಾಸ್ ವೀರ್ ಮಿಚೆಲ್. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡಿದ್ದ ಡಾಕ್ಟರು. ಅವರಿಗೂ ಸುಮಾರು 300 ವರ್ಷ ಮುಂಚೆ ಫ್ರಾನ್ಸಿನ ಸರ್ಜನ್ ಆಂಬ್ರಾಯ್ಸ್ ಪಾರೆ ಇದೇ ದೂರನ್ನು ಬರೆದಿಟ್ಟಿದ್ದರು. ಅಷ್ಟೂ ಜನರ ಕಾಲಿಗೆ ಸಂಸ್ಕಾರ ತಪ್ಪಿತ್ತಾ, ದೊಡ್ಡತ್ತೆಯನ್ನೇ ಕೇಳಿ.

ಮೆದುಳಿನಲ್ಲಿ ಇಡೀ ಮೈಯ ನಕ್ಷೆ ಇದೆ. ಕೆನಡಾದ ಮೆದುಳಿನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮೆದುಳಿಗೆ ಸಣ್ಣ ಕರೆಂಟ್ ಮುಟ್ಟಿಸಿ ಅದನ್ನು ಗುರುತಿಸಿದರು. ಸರ್ಜನ್ ತೆಗೆದದ್ದು ಕಾಲನ್ನು. ತಲೆಯೊಳಗಿನ ಕಾಲಿನ ಜಾಗ ಹಾಗೇ ಇದೆ. ಸಾಲದ್ದಕ್ಕೆ ತುಂಡಾದ ನರದ ತುದಿಗಳು ಸುಮ್ಮನಿರುವುದಿಲ್ಲ, ಏನಾದರೂ ಕಳಿಸುತ್ತಲೇ ಇರುತ್ತವೆ. ಮೆದುಳು ಅದು ಹೆಬ್ಬೆರಳಿನಿಂದ ಬಂತು ಅಂತಲೇ ತಿಳಿಯುತ್ತದೆ.

ಆ ನಕ್ಷೆಯಲ್ಲಿ ಕೈಯ ಪಕ್ಕದಲ್ಲೇ ಮುಖ. ಸಲೂನಿನಲ್ಲಿ ಬಲಗೆನ್ನೆ ಮೇಲೆ ಕತ್ತಿ ಬಂದರೆ ನನ್ನ ಇಲ್ಲದ ಹೆಬ್ಬೆರಳು ಜುಮ್ ಅನ್ನುತ್ತೆ. ಮೊದಲ ಸಲ ಹಾರಿಬಿದ್ದೆ. ಕೆನ್ನೆ ಕುಯ್ದೆನೇನೋ ಅಂತ ಸಲೂನಿನವನು ನನಗಿಂತ ಜಾಸ್ತಿ ಹೆದರಿದ.

ನನಗೆ ಕೈಹಿಡಿದದ್ದು ಕನ್ನಡಿ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮೆದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತಂದ ಉಪಾಯ. ಎದೆಯ ನೇರಕ್ಕೆ ಕನ್ನಡಿ ನಿಲ್ಲಿಸಬೇಕು. ಎಡಗೈ ಮುಂದೆ, ಬಲಗೈ ತುಂಡು ಹಿಂದೆ. ಕನ್ನಡಿಯೊಳಗಿನ ಕೈ ನೋಡುತ್ತಾ ಎರಡೂ ಮುಷ್ಟಿ ನಿಧಾನಕ್ಕೆ ಬಿಚ್ಚಬೇಕು. ಬಲಮುಷ್ಟಿ ಬಿಚ್ಚಿಕೊಂಡಾಗ ಅಳುವೇ ಬಂತು. ಮಂತ್ರ ಅಲ್ಲ ಅದು. ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು, ತಿಂಗಳುಗಟ್ಟಲೆ ಮಾಡಿದೆ. ಈಗ ಅಂಗೈ ಮೇಲಕ್ಕೆ ಸರಿದು ಮೊಣಕೈಗೇ ಅಂಟಿಕೊಂಡ ಹಾಗಿದೆ. ವಿಚಿತ್ರ ಅನಿಸುತ್ತೆ, ಆದರೆ ನೋವು ಕಮ್ಮಿ.

ಸುಮ್ನೆ ಓದೋನು:
ಫಿಟ್ಟರ್ ಅಣ್ಣ, ಕೆನ್ನೆ ವಿಷಯದಲ್ಲಿ ಒಂದು ತಕರಾರು. ಖಾಲಿಯಾದ ಕೈಯ ಜಾಗವನ್ನು ಮುಖ ಒತ್ತುವರಿ ಮಾಡುತ್ತೆ ಅನ್ನೋ ಮಾತು ಬಲವಾದದ್ದು 1991ರ ಕೋತಿಗಳ ಅಧ್ಯಯನದಿಂದ. ಆದರೆ 2025ರಲ್ಲಿ ಮೆದುಳು ವಿಜ್ಞಾನಿ ತಮಾರ್ ಮಾಕಿನ್ ಮತ್ತಿತರರು ಬೇರೆಯದೇ ತೋರಿಸಿದರು. ಮೂವರ ಮೆದುಳನ್ನು ಕೈ ತೆಗೆಯುವ ಮೊದಲೂ ಸ್ಕ್ಯಾನ್ ಮಾಡಿದ್ದರು, ಆಮೇಲೂ ಮಾಡಿದರು. ಇಲ್ಲದ ಬೆರಳು ಆಡಿಸಿ ಅಂದಾಗ ಕೈಯ ನಕ್ಷೆ ಮೊದಲಿನಂತೆಯೇ ಎದ್ದಿತು. ತುಟಿಯ ಭಾಗ ಅಲ್ಲಿಗೆ ನುಗ್ಗಿರಲಿಲ್ಲ.

ಭೋಸರಿ ಫಿಟ್ಟರ್:
ಹಾಗಾದ್ರೆ ಸಲೂನಿನವನು ಮುಟ್ಟೋದು ಯಾರ ಹೆಬ್ಬೆರಳನ್ನು? ಒತ್ತುವರಿ ಅಂತ ನಾನೆಲ್ಲಿ ಹೇಳಿದೆ, ಪಕ್ಕದಲ್ಲಿದೆ ಅಂದೆ ಅಷ್ಟೇ. ನಕ್ಷೆ ಅಳಿಸಿಲ್ಲ ಅಂದರೆ ಮಾವನ ಮಾತು ಇನ್ನೂ ನಿಜ ಆಯ್ತು, ಅಲ್ವಾ?

ಕೊಥ್ರೂಡ್ ಫಿಜಿಯೋ:
ಎಲ್ಲ ನೋವನ್ನೂ ಫ್ಯಾಂಟಮ್ ಅಂತ ತಳ್ಳಬೇಡಿ. ಇಲ್ಲದ ಬೆರಳಿನ ನೋವು ಬೇರೆ, ಉಳಿದ ಮೋಟುಗಾಲಿನ ನೋವು ಬೇರೆ. ಒಂದೇ ಜಾಗ ಮುಟ್ಟಿದರೆ ಶಾಕ್ ಹೊಡೆದಂತಾದರೆ ಅಲ್ಲಿ ನರದ ತುದಿ ಗಂಟುಕಟ್ಟಿರಬಹುದು. ನ್ಯೂರೋಮಾ ಅಂತೀವಿ. ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ಒಂದು ದಿನವೂ ಕಾಯಬೇಡಿ. ಗಾಬಾಪೆಂಟಿನ್, ಪ್ರಿಗಾಬಲಿನ್ ಅಂತ ಮಾತ್ರೆ ಕೊಡುತ್ತಾರೆ. ಮೆಡಿಕಲ್‌ನಿಂದ ನೀವೇ ತರಬೇಡಿ. ಕಿಡ್ನಿ ನೋಡಿ ಡೋಸ್ ಇಡಬೇಕು, ತಲೆಸುತ್ತೂ ಬರುತ್ತೆ.

ನನಗೆ ಜಾಸ್ತಿ ಚಿಂತೆ ರಾತ್ರಿಯದು. ನಿದ್ದೆಗಣ್ಣಲ್ಲಿ ಬಾತ್‌ರೂಮಿಗೆ ಏಳುವಾಗ ಕಾಲು ಇದೆ ಅಂತಲೇ ಊರಲು ಹೋಗಿ ಬೀಳುತ್ತಾರೆ. ಮಂಚದ ಪಕ್ಕ ವಾಕರ್ ಇಡಿ, ಸಣ್ಣ ಲೈಟ್ ಹಾಕಿಡಿ. ಬಲಪಾದದ ಅಡಿಯನ್ನು ದಿನಾ ನೋಡಿ.

ಕನ್ನಡಿ ಕಾಲಿಗೂ ಆಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಕಾಲು ಕಳೆದುಕೊಂಡ 18 ಜನರ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. ದಿನಕ್ಕೆ 15 ನಿಮಿಷ, 4 ವಾರ. ಕನ್ನಡಿ ನೋಡಿ ಮಾಡಿದವರಿಗೆ ನೋವು ಇಳಿಯಿತು. ಬಟ್ಟೆ ಮುಚ್ಚಿದ ಕನ್ನಡಿ ಕೊಟ್ಟವರಲ್ಲಿ ಹೆಚ್ಚಿನವರಿಗೆ ಇಳಿಯಲಿಲ್ಲ. ಕೃತಕ ಕಾಲಿನ ಬಗ್ಗೆಯೂ ಈಗಲೇ ವಿಚಾರಿಸಿ. ನಮ್ಮ ಪುಣೆಯಲ್ಲೇ 1944ರಿಂದ ಸೇನೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಇದೆ.

ಹಡಪ್ಸರ್ ಸೊಸೆ:
ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಸಲೂನಿನ ಮಾತಿಗೆ ಜೋರಾಗಿ ನಕ್ಕರು. ಆಮೇಲೆ ತಾವಾಗೇ ಹೇಳಿದರು, ನೋವು ಇರುವುದು ಹೆಬ್ಬೆರಳ ಸಂದಿಯಲ್ಲಂತೆ. ಹುಣ್ಣು ಶುರುವಾಗಿದ್ದೂ ಅಲ್ಲೇ. ಬೀರುವಿನ ಬಾಗಿಲ ಕನ್ನಡಿ ಸಾಕಾ?

ಭೋಸರಿ ಫಿಟ್ಟರ್:
ಆಗಲ್ಲ. ಎರಡು ಕಾಲಿನ ನಡುವೆ ಉದ್ದಕ್ಕೆ ನಿಲ್ಲಬೇಕು, ಹೊಳೆಯುವ ಮುಖ ಬಲಗಾಲಿನ ಕಡೆ. ಅಕ್ರಿಲಿಕ್ ಕನ್ನಡಿ ಸಿಕ್ಕಿದರೆ ಅದನ್ನೇ ತನ್ನಿ, ಬಿದ್ದರೂ ಗಾಜಿನ ಹಾಗೆ ಚೂರಾಗಲ್ಲ. ಗಾಜಿನದೇ ಆದರೆ ಅಂಗಡಿಯಲ್ಲೇ ಅಂಚು ತಿಕ್ಕಿಸಿ, ಸುತ್ತಲೂ ದಪ್ಪ ಟೇಪ್ ಹಾಕಿ. ಶುಗರ್ ಇರೋ ಕಾಲಿಗೆ ಗೀರು ಬೀಳಬಾರದು.