ಬಾಂಬರ್ ಮೇಲಿನ ಬಾತುಕೋಳಿ: ನಮ್ಮ ಮನೆ ಗುಂಪಿನ ಜಗಳ

ಚಿಕ್ಕಪ್ಪ: (ಫೋಟೊ) ಎರಡನೇ ಮಹಾಯುದ್ಧದ ಬಾಂಬರ್. ಮೂತಿಯ ಮೇಲೆ ಡೊನಾಲ್ಡ್ ಡಕ್ ನೋಡಿ! ಡಿಸ್ನಿಯವರೇ ಬಂದು ಒಂದೊಂದು ವಿಮಾನಕ್ಕೂ ಬಣ್ಣ ಹಚ್ಚಿದ್ದರಂತೆ.

ಮಾವ: ನನಗೇನೋ ಹಿಡಿಸಲಿಲ್ಲ. ಊರುಗಳನ್ನು ಸುಡುವ ಯಂತ್ರಕ್ಕೆ ಮಕ್ಕಳ ಗೊಂಬೆ ಯಾಕೆ?

ನಾನು: ಚಿಕ್ಕಪ್ಪ, ಡಿಸ್ನಿ ಸ್ಟುಡಿಯೋ ಸುಮಾರು 1,200 ಸೇನಾ ಲಾಂಛನ ಬರೆದುಕೊಟ್ಟಿದ್ದು ನಿಜ, ಅದೂ ದುಡ್ಡು ತಗೊಳ್ಳದೆ. ಡೊನಾಲ್ಡ್ ಡಕ್‌ಗೇ ಬೇಡಿಕೆ ಜಾಸ್ತಿ. ಆದರೆ ಅವೆಲ್ಲ ಕಾಗದದ ಮೇಲೆ. ವಿಮಾನಗಳ ಮೇಲೆ ಬರೆದವರು ಹೆಚ್ಚಾಗಿ ಅಲ್ಲಿದ್ದ ಸೈನಿಕರೇ, ಕುಂಚ ಹಿಡಿಯಲು ಬರುತ್ತಿದ್ದ ಯಾವನೋ ಮೆಕ್ಯಾನಿಕ್.

ಅಕ್ಕ: ಅಮೆರಿಕದವರದ್ದು ಮಾತ್ರ ಅಲ್ಲ. ಜರ್ಮನಿಯ ಪೈಲಟ್ ಗ್ಯಾಲಂಡ್ ತನ್ನ ಮೆಸ್ಸರ್‌ಸ್ಮಿಟ್ ಯುದ್ಧವಿಮಾನದ ಮೇಲೆ ಮಿಕ್ಕಿ ಮೌಸ್ ಬರೆಸಿಕೊಂಡಿದ್ದ. ಚೀನಾ ಪರವಾಗಿ ಹಾರಿದ ಅಮೆರಿಕದ ಪೈಲಟ್‌ಗಳ ಪಡೆ ಫ್ಲೈಯಿಂಗ್ ಟೈಗರ್ಸ್, ಅವರ ವಿಮಾನದ ಮೂತಿಯ ಮೇಲಿನ ಶಾರ್ಕ್ ಬಾಯಿ ಇದೆಯಲ್ಲ? ಅದನ್ನು ಅವರು ನೋಡಿದ್ದು ಆಫ್ರಿಕಾದಲ್ಲಿದ್ದ ಬ್ರಿಟಿಷರ 112ನೇ ಸ್ಕ್ವಾಡ್ರನ್‌ನ ಫೋಟೊದಲ್ಲಿ. ಬ್ರಿಟಿಷರು ನೋಡಿದ್ದು ಜರ್ಮನ್ ವಿಮಾನಗಳ ಮೇಲೆ. ಎದುರಾಳಿಯ ಚಿತ್ರವನ್ನೇ ತಗೊಂಡಿದ್ದಾರೆ.

ಮಾವ: ಎಲ್ಲರೂ ಮಾಡಿದರೆ ಸರಿಯಾಗಿಬಿಡುತ್ತಾ? 1943ರಲ್ಲಿ ಸಿಕ್ಕಿಬಿದ್ದ ಒಬ್ಬ ಅಮೆರಿಕನ್‌ನ ಜಾಕೆಟ್ ಮೇಲೆ ಅವನ ವಿಮಾನದ ಹೆಸರಿತ್ತು, ‘ಮರ್ಡರ್ ಇಂಕ್’, ಅಂದರೆ ಕೊಲೆ ಕಂಪನಿ. ಜರ್ಮನ್ ಪತ್ರಿಕೆಗಳು ಆ ಫೋಟೊ ಹಾಕಿ, ನೋಡಿ ಇವರೇ ಕೊಲೆಗಡುಕರು ಅಂದವು. ಕೆಳಗೆ ಮನೆ ಕಳೆದುಕೊಂಡವನಿಗೆ ಅದು ಹೇಗೆ ಕಂಡಿರಬೇಕು, ಯೋಚನೆ ಮಾಡು.

ನಾನು: ಆ ಹೆಸರು ಕೆಟ್ಟದ್ದೇ ಮಾವ. ಆದರೆ ಆ ಹುಡುಗರ ಪಾಡೂ ನೋಡಿ. ಹೆಚ್ಚಿನವರಿಗೆ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಸೇನೆ ಒಂದರಲ್ಲೇ 26,000 ಜನ ಸತ್ತರು. ಮೊದಮೊದಲು 25 ಸಲ ಹೋಗಿ ಬಂದರೆ ಮನೆಗೆ ಕಳಿಸುತ್ತಿದ್ದರು, ಅಷ್ಟು ಸಲ ಹೋಗಿ ಬಂದವರೇ ಕಮ್ಮಿ. ಕಾರ್ಖಾನೆಯಿಂದ ಬರುವ ಸಾವಿರಾರು ವಿಮಾನ ಒಂದೇ ಥರ, ಬಾಲದ ಮೇಲೆ ಒಂದು ನಂಬರ್. ಸಾಯಲು ಹೋಗುವ ಜಾಗಕ್ಕೆ ತಮ್ಮದು ಅನ್ನೋ ಗುರುತು ಬೇಕು ಅನಿಸೋದು ತಪ್ಪಾ?

ಅತ್ತೆ: ಗುರುತಿಗೆ ಅರೆಬೆತ್ತಲೆ ಹೆಂಗಸರ ಚಿತ್ರಗಳೇ ಆಗಬೇಕಿತ್ತಾ? ಅದರ ಬಗ್ಗೆ ಯಾರೂ ಮಾತೇ ಆಡ್ತಿಲ್ಲ.

ಅಕ್ಕ: ಸರಿ ಅತ್ತೆ. ಆಮೇಲೆ ಅಮೆರಿಕದ ವಾಯುಪಡೆಯೇ ಅಂಥ ಚಿತ್ರ ಬೇಡ ಅಂತ ನಿಯಮ ಮಾಡಿತು. ಅದು ಆಗಬೇಕಾದ್ದೇ.

ನಾನು: ನಾನೂ ಒಪ್ಪುತ್ತೇನೆ. ಆದರೆ ಮಾವ, ಕಾರ್ಟೂನಿಂದ ಕೊಲೆ ಹಗುರವಾಗುತ್ತೆ ಅನ್ನೋದನ್ನು ಒಪ್ಪಲ್ಲ. ಹಿರೋಷಿಮಾಗೆ ಹೋದ ವಿಮಾನದ ಮೇಲೆ ಯಾವ ಗೊಂಬೆಯೂ ಇರಲಿಲ್ಲ. ಎನೋಲಾ ಗೇ ಅಂತ ಬರೀ ಅಕ್ಷರ. ಪೈಲಟ್‌ನ ತಾಯಿಯ ಹೆಸರು.

ಮಾವ: ಅದನ್ನು ಓದಿದಾಗಲೆಲ್ಲ ಹೊಟ್ಟೆ ತೊಳಸುತ್ತೆ ಕಣೋ. ಗೊಂಬೆಗಿಂತ ಜಾಸ್ತಿ.

ನಾನು: ನನಗೂ. ಅದಕ್ಕೇ ಅಳಿಸಬಾರದು ಅನ್ನೋದು. ಯುದ್ಧ ಮುಗಿದ ಮೇಲೆ ಅರ್ಕಾನ್ಸಾದ ವಾಲ್‌ನಟ್ ರಿಜ್‌ನಲ್ಲಿ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ ಕರಗಿಸಿದರು. ಯಾರೋ ಪುಣ್ಯಾತ್ಮ ಚಿತ್ರವಿದ್ದ ತಗಡುಗಳನ್ನಷ್ಟೇ ಕಡಿಸಿ ಎತ್ತಿಟ್ಟಿದ್ದಕ್ಕೆ ಇವತ್ತು ಮೂವತ್ತಕ್ಕೂ ಹೆಚ್ಚು ಉಳಿದಿವೆ. ಗೀರು, ಬಾಂಬ್ ಹಾಕಿದ ಲೆಕ್ಕದ ಗುರುತು, ಎಲ್ಲ ಹಾಗೇ ಇದೆ.

ಮಾವ: ಇಟ್ಟುಕೊಳ್ಳಲಿ. ಪಕ್ಕದಲ್ಲಿ ಆ ವಿಮಾನ ಯಾವ್ಯಾವ ಊರಿಗೆ ಹೋಗಿತ್ತು ಅಂತಲೂ ಬರೆಯಲಿ. ಹೊಸ ವಿಮಾನಕ್ಕೆ ಮಾತ್ರ ಬೇಡ.

ನಾನು: ಊರಿನ ಹೆಸರು ಬರೆಯಲೇಬೇಕು, ವಿಮಾನದಲ್ಲಿದ್ದ ಹತ್ತು ಜನರ ಹೆಸರೂ ಬರೆಯಲಿ. ಹೊಸದರ ವಿಷಯದಲ್ಲಿ ನಿಮ್ಮ ಮಾತು ನಾನು ಒಪ್ಪಲ್ಲ ಮಾವ.